ಯಾರಿಗೆ? ಯಾಕೆ?

ಅಕ್ಕೋರ ಬಲಗೈ ತೋರುಬೆರಳಿನ ಉಗುರು ಸದಾ ಕೆಂಪು. ಮದರಂಗಿಯಲ್ಲ, ನಮ್ಮ ನೋಟುಬುಕ್ಕು ತಿದ್ದುವ ಮಸಿ. ತಾಳಿಕೋಟೆಯ ಹೈಸ್ಕೂಲಿನಲ್ಲಿ ನಮಗೆ ಕನ್ನಡ ಕಲಿಸಿದವರು ಅವರು. ಪ್ರಬಂಧದಲ್ಲಿ ಯಾರಾದರೂ ‘ನಂಬಲಸಾಧ್ಯ’ ಎಂದು ಬರೆದರೆ ಆ ಉಗುರು ಅಲ್ಲೇ ನಿಲ್ಲುತ್ತಿತ್ತು. ಪಕ್ಕದಲ್ಲಿ ಎರಡು ಮಾತು ಬರೆಯುತ್ತಿದ್ದರು: ಯಾರಿಗೆ? ಯಾಕೆ? ಉತ್ತರ ಬರೆದು ತರುವವರೆಗೆ ಅಂಕ ಇಲ್ಲ.

ಎರಡು ತಲೆಯ ಕುರಿಮರಿ ಹುಟ್ಟಿದ್ದನ್ನು ನಾನೊಮ್ಮೆ ‘ನಂಬಲಸಾಧ್ಯ’ ಎಂದು ಬರೆದಿದ್ದೆ. ಕುರಿಯೋ ಆಡೋ ಈಗ ಖಾತ್ರಿಯಿಲ್ಲ. ಅವರ ಮಾತು ಡೈರಿಯಲ್ಲಿದೆ: “ಕುರಿ ಕಾಯಾಂವ ಕಣ್ಣಾರೆ ನೋಡ್ಯಾನ, ನಂಬ್ಯಾನ. ನಂಬದಾಂವ ನೀ. ಹಂಗಾದ್ರ ಇದು ಮರಿ ಸುದ್ದಿ ಅಲ್ಲೋ, ನಿನ್ನ ಸುದ್ದಿ.”

ಅವರ ನಿವೃತ್ತಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಮಾನಪತ್ರ ಕೊಡುವುದೆಂದಾಯಿತು. ಎಂ.ಎ. ಮಾಡಿದವನೆಂದು ಬರೆಯುವ ಕೆಲಸ ನನಗೆ ಬಂತು. ‘ಮನೆಮಾತು ಉರ್ದುವಾದರೂ ನಂಬಲಸಾಧ್ಯವಾದಷ್ಟು ಶುದ್ಧ ಕನ್ನಡ’ ಎಂದು ಬರೆದೆ. ವೇದಿಕೆಯ ಮೇಲೆ ನಾನೇ ಓದಿದೆ. ಚಪ್ಪಾಳೆ ಬಿತ್ತು. ಅತಿಥಿಯೊಬ್ಬರು ಮೈಕಿಗೆ ಬಾಗಿ, “ಹೌದ್ರಿ, ಕಣ್ಣ ಮುಚ್ಚಿ ಕೇಳಿದ್ರ ಮುಸಲ್ಮಾನ್ರು ಅಂತ ಗೊತ್ತ ಆಗೂದಿಲ್ಲ” ಎಂದು ನಕ್ಕರು. ಸಭೆಯೂ ನಕ್ಕಿತು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ಆದರೆ ಅದಕ್ಕೆ ಬಾಗಿಲು ತೆಗೆದುಕೊಟ್ಟವನು ನಾನು.

ಅಕ್ಕೋರು ಎದ್ದರು. “ನಮ್ಮವ್ವ ತೊಟ್ಟಿಲಾ ತೂಗಿದ್ದು ಕನ್ನಡದಾಗ, ಬೈದದ್ದೂ ಕನ್ನಡದಾಗ. ಇದರಾಗ ನಂಬಲಾರದ್ದು ಏನ್ ಐತ್ರಿ?” ಅಷ್ಟೇ ಕೇಳಿ ಕುಳಿತರು. ಕೇಳಿದ್ದು ಅತಿಥಿಯನ್ನು, ನೋಡಿದ್ದು ನನ್ನನ್ನು. ಹಾಗೆಂದು ನನ್ನ ನೆನಪು. ತಪ್ಪು ಮಾಡಿದವನಿಗೆ ಎಲ್ಲರೂ ತನ್ನನ್ನೇ ನೋಡಿದಂತೆ ಕಾಣುತ್ತದೆ, ಅದೂ ಇರಬಹುದು.

ಮೂರು ವರ್ಷ ಅವರ ಪಡಸಾಲೆಯಲ್ಲಿ ಟ್ಯೂಷನ್ನಿಗೆ ಕೂತವನು ನಾನು. ಒಳಗೆ ಅವರು ತಾಯಿಯೊಡನೆ ಉಪ್ಪು, ಹುಳಿ ಅಂತ ಕನ್ನಡದಲ್ಲೇ ಜಗಳಾಡುವುದು ದಿನಾ ಕಿವಿಗೆ ಬೀಳುತ್ತಿತ್ತು. ಆದರೂ ಉರ್ದು ಎಂದು ಬರೆದೆ. ಮರೆತಿದ್ದೆನೆ? ಎಲ್ಲಕ್ಕೂ ನೆನಪಿನ ಮೇಲೆ ದೂರು ಹಾಕುವ ನನಗೆ ಇಲ್ಲಿ ಆ ನೆಪವೂ ಇಲ್ಲ. ಕೇಳಿದ್ದೆ. ಕೇಳಿದ್ದನ್ನು ನಂಬಿರಲಿಲ್ಲ.

ಈ ವರ್ಷ ಅಕ್ಕೋರು ತೀರಿಕೊಂಡರು. ಮಾತಾಡಿಸಿ ಬರಲು ಹೋದಾಗ ಅವರ ಮಗಳು ಮಾನಪತ್ರ ತಂದು ಕೈಗಿಟ್ಟಳು. ಚೌಕಟ್ಟು, ಗಾಜು ಅಕ್ಕೋರೇ ಬಿಚ್ಚಿದ್ದರಂತೆ. ನನ್ನ ಆ ಸಾಲಿನ ಪಕ್ಕದಲ್ಲಿ ಕೆಂಪು ಮಸಿ: ಯಾರಿಗೆ? ಯಾಕೆ?

“ಅಂವ ಉತ್ತರಾ ಬರಕೊಂಡ ಬರ್ತಾನ, ಆಮ್ಯಾಲ ಗ್ವಾಡಿಗಿ ಹಾಕೂಣು ಅಂತಿದ್ರು” ಎಂದಳು.

ಮುದ್ದೇಬಿಹಾಳದ ಬಸ್ಸಿನಲ್ಲಿ ಮೊದಲನೆಯದಕ್ಕೆ ಉತ್ತರ ಬರೆದೆ: ನನಗೆ. ಎರಡನೆಯದಕ್ಕೆ ಬರೆದದ್ದೆಲ್ಲ ಕ್ಷಮೆ ಗಿಟ್ಟಿಸುವ ಸುಳ್ಳಾಗಿ ಕಂಡು ಹರಿದು ಹಾಕುತ್ತಿದ್ದೇನೆ. ಅವರ ಗೋಡೆ ಇನ್ನೂ ಖಾಲಿ ಇದೆ.