ಬಲಗಡೆಯ ಗೆರೆಗಳು

ಅರವತ್ತು ತುಂಬಿದ ಮೇಲೆ ಕಾರು ಕಲಿತವನು ನಾನು. ಹುಣಸೂರಿನ ಮನೆಯಿಂದ ಹಾರನಹಳ್ಳಿಯ ಶಾಲೆಗೆ ಬಸ್ಸಿನಲ್ಲಿ ನಿಂತೇ ಹೋಗಿ ಬಂದು ಸಾಕಾಗಿ ಹೋಗಿತ್ತು. ನಿವೃತ್ತನಾದ ವರ್ಷ ಬೂದು ಬಣ್ಣದ ಒಂದು ಹಳೆಯ ಕಾರು ಕೊಂಡೆ. ಕಲಿಸಲು ಬಂದವನು ನನ್ನ ಕಾಟ ತಡೆಯಲಾರದೆ ಎರಡು ಸಲ ಬಿಟ್ಟುಹೋದ, ನಾನು ಬಿಡಲಿಲ್ಲ. ಗಣಿತದ ಮೇಷ್ಟ್ರಾಗಿದ್ದವನು. ಲೆಕ್ಕ ಬಿಡಿಸುವ ತನಕ ಊಟಕ್ಕೆ ಏಳದ ಜಾತಿ ನಮ್ಮದು.

ಮೊದಲ ಗೆರೆ ಬಿದ್ದದ್ದು ನಮ್ಮದೇ ಗೇಟಿನ ಕಂಬಕ್ಕೆ ಉಜ್ಜಿ. ಸದ್ದಿಗೆ ಹೊರಗೆ ಬಂದ ಹೆಂಡತಿ ಬಾಗಿಲ ಮೇಲೆ ಬೆರಳಾಡಿಸಿ ನೋಡಿದಳು. ತನ್ನ ತಮ್ಮ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಾಗ ತಿಂಗಳುಗಟ್ಟಲೆ ಅವನ ಆರೈಕೆ ಮಾಡಿದವಳು ಅವಳು.

“ಇನ್ನೊಂದು ಗೆರೆ ಬಿದ್ರೆ ಕೀನ ನನ್ ಕೈಗೆ ಕೊಟ್ಬುಡಿ ಕಣ್ರೀ. ಇವತ್ತು ಕಂಬ, ನಾಳೆ ಯಾರೋ ಏನೋ” ಅಂದಳು.

ಆಗಲಿ ಎಂದು ಮಾತು ಕೊಟ್ಟೆ. ಕೊಟ್ಟ ಮಾತಿನಂತೆ ನಡೆಯಬೇಕಾದರೆ ಗೆರೆ ಬೀಳಬಾರದು, ಬಿದ್ದರೂ ಅವಳಿಗೆ ಕಾಣಬಾರದು. ಎರಡನೆಯದು ನನ್ನ ಕೈಯಲ್ಲಿತ್ತು. ಕಾರು ಹೋದರೆ ಮತ್ತೆ ಬಸ್ ಸ್ಟ್ಯಾಂಡಿನ ಕಟ್ಟೆಯೇ ಗತಿ.

ಎರಡನೆಯ ಗೆರೆ ಕೆ.ಆರ್. ನಗರದಿಂದ ಬರುವಾಗ ಆಯಿತು. ಎದುರಿಗೆ ಬಂದ ಕಬ್ಬಿನ ಗಾಡಿಯವನು ರಸ್ತೆಯೆಲ್ಲ ತನ್ನದೇ ಎಂಬಂತೆ ಬಂದ. ಇಳಿದು ಅವನಿಗೆ ಚೆನ್ನಾಗಿ ಉಗಿದೆ. ಪಾಪ, ಅವನು ಗಾಡಿಯನ್ನು ಪೂರ್ತಿ ಅಂಚಿಗೆ ಇಳಿಸಿ ನಿಲ್ಲಿಸಿದ್ದ ಎಂಬುದು ನನಗೆ ಆಗ ಹೊಳೆಯಲೇ ಇಲ್ಲ. ಗ್ಯಾರೇಜಿನಲ್ಲಿ ವಿಚಾರಿಸಿದರೆ ಇಡೀ ಬಾಗಿಲಿಗೆ ಹೊಸದಾಗಿ ಬಣ್ಣ ಹೊಡೆಯಬೇಕು ಅಂದರು. ನನ್ನ ಪೆನ್ಶನ್ನಿಗೆ ಅದು ಆಗದ ಮಾತು. ನಾನೇ ಮಾಡುತ್ತೇನೆ ಎಂದು ಹಟ ಹಿಡಿದೆ.

ಗುರುವಾರ ಮಧ್ಯಾಹ್ನ ಅವಳು ಮಹಿಳಾ ಸಂಘದ ಸಭೆಗೆ ಹೋಗುತ್ತಾಳೆ. ಅದೇ ನನ್ನ ಕೆಲಸದ ಹೊತ್ತು. ಯಾರೋ ಹೇಳಿದರೆಂದು ಮೊದಲು ಹಲ್ಲುಜ್ಜುವ ಪೇಸ್ಟು ಹಚ್ಚಿ ತಿಕ್ಕಿದೆ. ಕಾರು ಘಮಘಮ ಎಂದಿತೇ ಹೊರತು ಗೆರೆ ಅಲ್ಲೇ ಇತ್ತು. ಆಮೇಲೆ ಬಡಗಿಗಳು ಬಳಸುವ ಉಪ್ಪುಕಾಗದ ತಂದು ಉಜ್ಜಿದೆ. ಅದು ಇನ್ನೂ ಚೆನ್ನ. ಒಂದು ಗೆರೆಯಿದ್ದ ಕಡೆ ಅಂಗೈಯಗಲ ಮಬ್ಬಾಯಿತು. ಅವಳು ಬರುವಷ್ಟರಲ್ಲಿ ಅದರ ಮೇಲೆ ಒದ್ದೆ ಟವೆಲು ಒಣಹಾಕಿ ಪೇಪರ್ ಓದುತ್ತಾ ಕುಳಿತೆ.

ಕೊನೆಗೆ ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಗಾಡಿಗಳಿಗೆ ಬಣ್ಣ ಹೊಡೆಯುವ ಒಬ್ಬರ ಹತ್ತಿರ ಹೋದೆ. ಅಪ್ಪನ ಕಾಲದಿಂದ ಅದೇ ಕಸುಬು ಮಾಡುತ್ತಾ ಬಂದವರು. ಊರೆಲ್ಲ ಅವರನ್ನು ಭಾಯ್ ಅನ್ನುತ್ತದೆ. ಗೆರೆಯ ಮೇಲೆ ಅಡ್ಡಕ್ಕೆ ಉಗುರು ಎಳೆಯಿರಿ, ಉಗುರು ಜಾರಿದರೆ ಪಾಲಿಶ್ ಸಾಕು, ಸಿಕ್ಕಿಕೊಂಡರೆ ಬಣ್ಣ ತುಂಬಬೇಕು ಎಂದು ತೋರಿಸಿದರು. ನೀರಿನಲ್ಲಿ ನೆನೆಸಿ ಉಜ್ಜುವ ನುಣುಪು ಕಾಗದ ಕೊಟ್ಟರು. ಕಂಪನಿಯ ಬಣ್ಣ ಬೇಡ, ನಿಮ್ಮ ಗಾಡಿ ಬಿಸಿಲಿಗೆ ಬಾಡಿದೆ, ಬಾಡಿದ ಬಣ್ಣವನ್ನೇ ಬೆರೆಸಿಕೊಡುತ್ತೇನೆ ಎಂದು ಒಂದು ಸಣ್ಣ ಸೀಸೆ ತುಂಬಿಸಿದರು. ಬೆಂಕಿಕಡ್ಡಿಯ ತುದಿಯಲ್ಲಿ ತೊಟ್ಟು ತೊಟ್ಟಾಗಿ ತುಂಬಿ, ಒಣಗಲು ಬಿಟ್ಟು, ಮತ್ತೆ ತುಂಬಿ, ಮರುದಿನ ನುಣುಪು ಮಾಡಬೇಕು. ಆತುರಪಟ್ಟರೆ ಕೆಟ್ಟಿರಿ ಅಂದರು.

ನಾನು ಆತುರಪಡಲಿಲ್ಲ. ಕಬ್ಬಿನ ಗಾಡಿಯ ಗೆರೆಯನ್ನು ಮೂರು ಗುರುವಾರ ತುಂಬಿದೆ. ಹಂಪಾಪುರದಲ್ಲಿ ಸ್ನೇಹಿತರ ದನದ ಕೊಟ್ಟಿಗೆ ಗೋಡೆಗೆ ತಗುಲಿದ್ದನ್ನು ಎರಡೇ ವಾರದಲ್ಲಿ ಮುಗಿಸಿದೆ. ದೂರ ನಿಂತು ನೋಡಿದರೆ ನನಗೇ ಗುರುತು ಸಿಗುತ್ತಿರಲಿಲ್ಲ. ಹೆಂಡತಿ ಏನೂ ಕೇಳಲಿಲ್ಲ. ಕಾರಿನ ವಾಸನೆಗೆ ತಲೆ ಸುತ್ತುತ್ತದೆ ಎಂದು ತವರಿಗೆ ಮಾತ್ರ ಬಸ್ಸಿನಲ್ಲೇ ಹೋಗಿ ಬರುತ್ತಿದ್ದಳು.

ನಾಲ್ಕನೆಯದು ಬೆಟ್ಟದಪುರದಲ್ಲಿ, ನಿಂತಿದ್ದ ಟ್ರ್ಯಾಕ್ಟರಿಗೆ. ಸೀಸೆ ಖಾಲಿಯಾಗಿದ್ದರಿಂದ ಮತ್ತೆ ಭಾಯ್ ಹತ್ತಿರ ಹೋದೆ. ಅವರು ಈ ಸಲ ಬಣ್ಣಕ್ಕೆ ಕೈ ಹಾಕಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದು, ಎಡಗಡೆ ಬಗ್ಗಿ ನೋಡಿ, ಬಲಗಡೆ ಬಂದು ನಿಂತರು.

“ಮೇಷ್ಟ್ರೇ, ಬೇಜಾರ್ ಮಾಡ್ಕೋಬೇಡಿ. ನನ್ ಹತ್ರ ಬರೋ ಗಾಡಿಗೆಲ್ಲಾ ಗೀರು ಜಾಸ್ತಿ ಎಡಗಡೇನೇ. ಡ್ರೈವರ್‌ಗೆ ಆ ಬದಿ ದೂರ ಅಲ್ವಾ. ನಿಮ್ದು ನಾಲ್ಕೂ ನಿಮ್ ಮೊಣಕೈ ಪಕ್ಕದಲ್ಲೇ ಅವೆ. ಬಣ್ಣ ಆಮೇಲ್ ನೋಡೋಣ, ಮೊದ್ಲು ಕಣ್ ತೋರ್ಸ್ಕೊಂಡ್ ಬನ್ನಿ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಣ್ಣ ಕೇಳಿದವನಿಗೆ ಬಣ್ಣ ಕೊಡಿ, ವೈದ್ಯ ಬೇಡ ಎಂದು ಹೇಳಿ ಕಾರು ಹತ್ತಿ ಬಂದುಬಿಟ್ಟೆ. ಆದರೆ ಅವರು ಹೇಳಿದ್ದು ಲೆಕ್ಕದಂತೆ ಸರಿಯಾಗಿತ್ತು, ಅದು ನನ್ನನ್ನು ಬಿಡಲಿಲ್ಲ. ಗೇಟಿನ ಮುಂದೆ ಕಾರು ನಿಲ್ಲಿಸಿ, ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನೇರ ನೋಡಿದೆ. ಎದುರಿಗೆ ನಮ್ಮ ಮನೆ ಬಾಗಿಲಿನ ತೋರಣ ಕಂಡಿತು. ಬಲಪಕ್ಕದಲ್ಲಿರಬೇಕಾದ ಗೇಟಿನ ಕಂಬ ಕಾಣಲಿಲ್ಲ. ತಲೆ ತಿರುಗಿಸಿದರೆ ಇತ್ತು, ನೇರ ನೋಡಿದರೆ ಇರಲಿಲ್ಲ. ಮೂರು ಸಲ ನೋಡಿದೆ. ಆ ಕಂಬದ ಜಾಗದಲ್ಲಿ ಸೈಕಲ್ಲಿನ ಮೇಲೆ ಶಾಲೆಗೆ ಹೋಗುವ ಒಂದು ಹೆಣ್ಣುಮಗು ಇದ್ದಿದ್ದರೆ ಎಂದು ಯೋಚನೆ ಬಂತು. ಕಾರನ್ನು ಒಳಗೂ ತರದೆ ಅಲ್ಲೇ ಬೀಗ ಹಾಕಿ ಇಳಿದೆ.

ಮರುದಿನ ಬ್ಯಾಂಕಿನ ಕೆಲಸ ಎಂದು ಸುಳ್ಳು ಹೇಳಿ, ಬಸ್ಸು ಹತ್ತಿ, ಮೈಸೂರಿನ ಕಣ್ಣಿನ ಆಸ್ಪತ್ರೆಗೆ ಹೋದೆ. ಬಲಗಣ್ಣಿನಲ್ಲಿ ಒತ್ತಡ ಹೆಚ್ಚಾಗಿ ಪಕ್ಕದ ನೋಟ ಹೋಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕಾದರೆ ದಿನವೂ ತಪ್ಪದೆ ಹನಿ ಹಾಕಬೇಕು, ಕಾರು ಮುಟ್ಟಬಾರದು ಅಂದರು ಡಾಕ್ಟರು. ತಪ್ಪದೆ ಮಾಡುವುದು ನನಗೆ ಕಷ್ಟವೇನಲ್ಲ ಅಂದೆ.

ಮನೆಗೆ ಬಂದಾಗ ಅವಳು ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕೀಯನ್ನು ಮೊರದ ಪಕ್ಕದಲ್ಲಿಟ್ಟು ಕುಳಿತೆ. ಕಬ್ಬಿನ ಗಾಡಿ, ಕೊಟ್ಟಿಗೆ, ಟ್ರ್ಯಾಕ್ಟರು, ಗುರುವಾರಗಳು, ಡಾಕ್ಟರು ಹೇಳಿದ್ದು, ಎಲ್ಲವನ್ನೂ ಹೇಳಿದೆ. ಗೆರೆಗಳ ವಿಷಯ ಗೊತ್ತು, ನೀವು ಬಳಿದದ್ದು ಊರಿಗೇ ಕಾಣುತ್ತದೆ ಅಂದಳು. ಮತ್ತೆ ಕೀ ಯಾಕೆ ಕೇಳಲಿಲ್ಲ ಅಂದರೆ, ಬಾಯಿ ತೆರೆದಾಗಲೆಲ್ಲ ನೀವು ಎದ್ದು ಆಚೆ ಹೋಗುತ್ತಿದ್ದಿರಿ ಅಂದಳು. ಅದು ನಿಜ. ಕಣ್ಣಿನದು ನಿನಗೂ ಗೊತ್ತಿರಲಿಲ್ಲವಲ್ಲ ಎಂದು ಕೇಳಿದೆ.

ಅವಳು ಸುಲಿಯುವುದನ್ನು ನಿಲ್ಲಿಸಿದಳು.

“ಕಣ್ಣು ಅಂತ ನಂಗೇನ್ ಗೊತ್ತು. ಸಂಜೆ ವಾಕಿಂಗ್ ಹೋದಾಗ ಬಲಗಡೆ ಬಂದೋರ್ಗೆಲ್ಲಾ ಗುದ್ತಿದ್ರಿ. ಏನೋ ಯೋಚ್ನೇಲಿ ಅವ್ರೆ ಅನ್ಕೊಂಡೆ. ಅದ್ಕೇ ದೀವಳಿಗೆ ಕಳ್ದಾಗ್ಲಿಂದ ನಿಮ್ ಬಲಗಡೇನೇ ನಡೀತಾ ಇದ್ದೀನಲ್ಲ.”

ಮದುವೆಯಾದಾಗಿನಿಂದ ನನ್ನ ಎಡಗಡೆಯೇ ನಡೆದವಳು ಬಲಕ್ಕೆ ಬಂದದ್ದು ನನಗೆ ಕಂಡೇ ಇರಲಿಲ್ಲ.