ಬಾರದ ಕಪ್ಪೆಯ ಗಾಜಿನ ಮನೆ

ಹಲ್ಲು ಮಾಡುವವಳೊಬ್ಬಳಿದ್ದಳು. ಬಾಯೊಳಗೆ ಕೈ ಹಾಕುವವಳಲ್ಲ, ಅದು ಡಾಕ್ಟರ ಕೆಲಸ. ಡಾಕ್ಟರು ಕಳಿಸಿದ ಅಚ್ಚಿನ ಮೇಲೆ ಮೇಣ ಹಚ್ಚಿ, ಮೇಣದಲ್ಲಿ ಹಲ್ಲು ಒಂದೊಂದಾಗಿ ಕೂರಿಸಿ, ಯಾರದೋ ಮುಖಕ್ಕೆ ಬೇಕಾದ ನಗುವನ್ನು ಡಬ್ಬಿಯಲ್ಲಿಟ್ಟು ಕಳಿಸುವವಳು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ, ಅದೇ ಕಿಟಕಿಯ ಪಕ್ಕದ ಮೇಜು, ಉಗುರಿನ ಸಂದಿಯಲ್ಲಿ ಅದೇ ಬಿಳಿ ಪುಡಿ. ಬೀದಿಗೆಲ್ಲ ಅವಳು ಹಲ್ಲಕ್ಕ.

ಹಲ್ಲಕ್ಕನ ಗಂಡ ತಕ್ಕಡಿ ರಿಪೇರಿಯವನು. ಅಂಗಡಿ ಅಂಗಡಿ ತಿರುಗಿ ತೂಕದ ಯಂತ್ರ ಸರಿಮಾಡುತ್ತಿದ್ದ. ಮಾತು ಕಡಿಮೆ, ಕುಡಿತ ಇಲ್ಲ, ಜಗಳ ಇಲ್ಲ. ಇದ್ದದ್ದು ಒಂದೇ ಹುಚ್ಚು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಪಟ್ಟಿ ಬರೆದಿಟ್ಟಿದ್ದ: ಮುಂದೆ ಯಾವತ್ತಾದರೂ ಸಾಕಬೇಕಾದ ಜೀವಗಳ ಪಟ್ಟಿ. ಮೊದಲನೆಯದು ಕೆಂಪು ಕಣ್ಣಿನ ಮರಗಪ್ಪೆ. ಎರಡನೆಯದು ನೀಲಿ ನಾಲಿಗೆಯ ದಪ್ಪ ಹಲ್ಲಿ. ಮೂರನೆಯದು ಎಲೆಯ ಬಣ್ಣದ ಹಾವು. ಅದರ ಮುಂದೆ ಅವನೇ ಒಂದು ಪ್ರಶ್ನೆ ಚಿಹ್ನೆ ಹಾಕಿಕೊಂಡಿದ್ದ. ಈ ಪಟ್ಟಿಯಲ್ಲಿ ತಾನೆಷ್ಟನೆಯವಳು ಎಂದು ಹಲ್ಲಕ್ಕ ಒಮ್ಮೆ ಕೇಳಿದ್ದಳು. ನೀನು ಪಟ್ಟಿ ಮಾಡುವುದಕ್ಕೆ ಮುಂಚೆಯೇ ಬಂದುಬಿಟ್ಟೆಯಲ್ಲ ಎಂದಿದ್ದ. ಅದು ಹೊಗಳಿಕೆಯೋ ಅಲ್ಲವೋ ಅವಳು ವಿಚಾರಿಸಲು ಹೋಗಲಿಲ್ಲ.

ಕಪ್ಪೆಗಾಗಿ ಅವನು ಮುಂದಿನ ಕೋಣೆಯಲ್ಲಿ, ಚಪ್ಪಲಿ ಗೂಡಿನ ಪಕ್ಕ, ಸೊಂಟದೆತ್ತರದ ಗಾಜಿನ ಪೆಟ್ಟಿಗೆ ಕಟ್ಟಿದ. ಒಳಗೆ ಮಣ್ಣು, ಪಾಚಿ, ಮರದ ತೊಗಟೆ, ಅಗಲ ಎಲೆಯ ಗಿಡ, ನೀರಿನ ಬಟ್ಟಲು. ಕಪ್ಪೆ ಮಾತ್ರ ಇಲ್ಲ. ಊರಿನಲ್ಲಿ ಆ ಕಪ್ಪೆಯನ್ನು ಮರಿ ಮಾಡಿಸುವವರು ಒಬ್ಬರೇ; ಲೆಕ್ಕದ ಮೇಷ್ಟ್ರಾಗಿ ನಿವೃತ್ತರಾದವರು, ಈಗ ಎಲ್ಲರಿಗೂ ಕಪ್ಪೆ ಮೇಷ್ಟ್ರು. ಅವರ ಹತ್ತಿರ ಸರದಿ ಇತ್ತು. ಸರದಿ ಬಂದರೂ ಸುಮ್ಮನೆ ಕೊಡುವವರಲ್ಲ. ಮನೆಗೆ ಬಂದು ಪೆಟ್ಟಿಗೆಯ ಮುಂದೆ ಒಂದು ಗಂಟೆ ಕೂತು, ಒಳಗೆ ಮೂಗು ಹಾಕಿ ನೋಡಿ, ಒಪ್ಪಿದರೆ ಮಾತ್ರ. ಹೆಣ್ಣು ಕೊಡುವ ಮಾವನೂ ಇಷ್ಟು ನೋಡುವುದಿಲ್ಲ ಎಂದು ಗಂಡ ಹೇಳುತ್ತಿದ್ದ.

ಹೀಗೆ ಮೂರು ವರ್ಷ ಆ ಮನೆ ಇಲ್ಲದ ಕಪ್ಪೆಗೆ ಹೆದರಿ ಬದುಕಿತು. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಕುಡಿಯುತ್ತದೆ, ಸುತ್ತ ಏನಿದ್ದರೂ ಅದರ ಮೈಯೊಳಗೆ ಇಳಿಯುತ್ತದೆ ಎಂದು ಗಂಡ ಹೇಳಿದ ಮೇಲೆ ಮನೆಯಲ್ಲಿ ಸೊಳ್ಳೆಬತ್ತಿ ನಿಂತಿತು. ನೆಲಕ್ಕೆ ಫಿನಾಯಿಲ್ ನಿಂತಿತು. ತಲೆಗೆ ವಾಸನೆಯ ಎಣ್ಣೆ ನಿಂತಿತು. ಬಂದ ನೆಂಟರು ಬಗ್ಗಿ ನೋಡಿ, ಒಳಗೇನಿದೆ ಎಂದು ಕೇಳಿ, ಇನ್ನೂ ಬಂದಿಲ್ಲ ಎಂಬ ಉತ್ತರ ಕೇಳಿ, ಕಾಲು ಕೆರೆದುಕೊಳ್ಳುತ್ತ ಹೋಗುತ್ತಿದ್ದರು. ಬೆಳಿಗ್ಗೆ ಏಳಕ್ಕೆ, ಸಂಜೆ ಆರಕ್ಕೆ, ಕ್ಲೋರಿನ್ ಹೋಗಲೆಂದು ಹಿಂದಿನ ದಿನವೇ ತೆರೆದಿಟ್ಟ ನೀರನ್ನು ಬಾಟಲಿಗೆ ತುಂಬಿ ಗಂಡ ಪೆಟ್ಟಿಗೆಯೊಳಗೆ ಇಪ್ಪತ್ತು ಸಲ ಒತ್ತಿ ಹನಿ ಹೊಡೆಯುತ್ತಿದ್ದ.

ಒಂದು ಮಧ್ಯಾಹ್ನ ಅಂಗಡಿಯೊಂದರಲ್ಲಿ ತಕ್ಕಡಿಯ ತಟ್ಟೆ ಕೈಯಲ್ಲಿ ಹಿಡಿದವನು ಹಾಗೇ ಕುಸಿದ. ಆಸ್ಪತ್ರೆ ತಲುಪಲಿಲ್ಲ.

ಹಲ್ಲಕ್ಕ ಅಳಲಿಲ್ಲ. ಅಳದೇ ಇದ್ದದ್ದು ಗಟ್ಟಿತನ ಎಂದರು ಕೆಲವರು, ಕಲ್ಲು ಎಂದರು ಕೆಲವರು. ಅವಳಿಗೆ ಅವೆರಡೂ ಅಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಹಾಕಿಸಿಕೊಂಡ ಬಾಯಿಯ ಹಾಗಿತ್ತು: ತುಟಿ ಇದೆ ಎಂದು ಗೊತ್ತು, ಮುಟ್ಟಿದರೆ ತಿಳಿಯದು. ವಾರ ಕಳೆದ ಮೇಲೆ ಕೆಲಸಕ್ಕೆ ಹೋದಳು. ಕೈ ತನ್ನ ಪಾಡಿಗೆ ಹಲ್ಲು ಕೂರಿಸಿತು. ಬೆಳಿಗ್ಗೆ ಏಳಕ್ಕೆ, ಸಂಜೆ ಆರಕ್ಕೆ, ಇಪ್ಪತ್ತು ಸಲ ಅವಳೇ ಹನಿ ಹೊಡೆದಳು. ನಿಲ್ಲಿಸು ಎಂದು ಯಾರೂ ಹೇಳಿರಲಿಲ್ಲ.

ಐದು ತಿಂಗಳಾದ ಮೇಲೆ ಕಪ್ಪೆ ಮೇಷ್ಟ್ರ ಫೋನು ಬಂತು. ಸುದ್ದಿ ಅವರಿಗೆ ಗೊತ್ತಿತ್ತು. ಸರದಿ ಬಂದಿದೆ, ಬೇಡವೆಂದರೆ ಮುಂದಿನವರಿಗೆ ಹೋಗುತ್ತದೆ, ಬೇಕೆಂದರೆ ಭಾನುವಾರ ಪೆಟ್ಟಿಗೆ ನೋಡಲು ಬರುತ್ತೇನೆ ಎಂದರು. ಹಲ್ಲಕ್ಕ ಬನ್ನಿ ಎಂದುಬಿಟ್ಟಳು. ಯಾಕೆ ಅಂದೆ ಎಂದು ಫೋನು ಇಟ್ಟ ಮೇಲೂ ತಿಳಿಯಲಿಲ್ಲ.

ಭಾನುವಾರ ನಾದಿನಿ ಬೆಳಗಿನಿಂದಲೇ ಬಂದು ಕೂತಿದ್ದಳು. ಗಂಡನ ತಂಗಿ, ಎರಡು ಬೀದಿ ಆಚೆ ಮನೆ, ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅಣ್ಣನ ಕಪ್ಪೆ ಕೊನೆಗೂ ಬರುತ್ತದಲ್ಲ ಎಂದು ಕಣ್ಣೊರೆಸಿಕೊಂಡಳು. ಅತ್ತಿಗೆಯ ಪಾಲಿನ ಅಳುವನ್ನೂ ಇಷ್ಟು ದಿನ ಅವಳೇ ಅತ್ತಿದ್ದಳು.

ಮೇಷ್ಟ್ರು ಸ್ಟೂಲು ಎಳೆದುಕೊಂಡು ಪೆಟ್ಟಿಗೆಯ ಮುಂದೆ ಕೂತರು. ಬಿಸಿ ಎಷ್ಟು, ತೇವ ಎಷ್ಟು ನೋಡಿದರು. ಪಾಚಿಯನ್ನು ಬೆರಳಿಂದ ಒತ್ತಿದರು. ಮುಚ್ಚಳ ತೆಗೆದು ಮೂಗು ಒಳಗೆ ಹಾಕಿ, ಕಣ್ಣು ಮುಚ್ಚಿ, ಬಹಳ ಹೊತ್ತು ಉಸಿರೆಳೆದರು. ನಾದಿನಿ ನಗು ತಡೆಯಲಾರದೆ ಟೀ ತರುವ ನೆಪದಲ್ಲಿ ಒಳಗೆ ಹೋಗಿ ಬಂದಳು.

ಹಲ್ಲಕ್ಕ ಒಂದು ಮಾತು ಕೇಳಿದಳು. ಕಪ್ಪೆಗೆ ಮನುಷ್ಯರ ಗುರುತು ಹತ್ತುತ್ತದೆಯೇ?

ಇಲ್ಲ ಎಂದರು ಮೇಷ್ಟ್ರು. ಹಗಲೆಲ್ಲ ಎಲೆಗೆ ಅಂಟಿಕೊಂಡು ಮಲಗಿರುತ್ತದೆ. ನೀವು ಇದ್ದೀರೋ ಇಲ್ಲವೋ ಅದಕ್ಕೆ ಬೇಕಿಲ್ಲ. ಹುಳ ಬೇಕು, ಹನಿ ಬೇಕು, ಅಷ್ಟೆ.

ಹಲ್ಲಕ್ಕನಿಗೆ ಆ ಕಪ್ಪೆ ಬೇಕು ಅನಿಸಿತು. ಐದು ತಿಂಗಳಲ್ಲಿ ಏನಾದರೂ ಬೇಕು ಅನಿಸಿದ್ದು ಅದೇ ಮೊದಲು. ಹೇಗಿದ್ದೀಯ ಎಂದು ಕೇಳದ ಒಂದು ಜೀವ ಮನೆಯಲ್ಲಿರುತ್ತದೆ. ಅದಕ್ಕೆ ಬೇಕಾದದ್ದು ಇಪ್ಪತ್ತು ಹನಿ, ಅಷ್ಟು ಅವಳ ಕೈಲಾಗುತ್ತದೆ.

"ಒಪ್ಪಿಗೆ ಕಣಮ್ಮ," ಎಂದರು ಮೇಷ್ಟ್ರು. "ನಿಮ್ಮನೆಯವರು ಇದ್ದಿದ್ರೂ ಇಷ್ಟು ಚೆನ್ನಾಗಿ ಇಡ್ತಿರಲಿಲ್ಲ. ನಾಳೆನೇ ತರ್ತೀನಿ."

ಆಗ ಹಲ್ಲಕ್ಕನಿಗೆ ಗಂಡ ಹೋದ ಮೂರನೇ ದಿನ ನೆನಪಾಯಿತು. ಮನೆ ತುಂಬ ಜನ ಇದ್ದ ದಿನ. ನಾದಿನಿ ಅಳುತ್ತಲೇ ಮನೆಯೆಲ್ಲ ಉಜ್ಜಿದ್ದಳು. ಅಣ್ಣನ ಪೆಟ್ಟಿಗೆ ಮಂಕಾಗಿದೆ ಎಂದು ಗಾಜು ಒರೆಸುವ ನೀಲಿ ನೀರನ್ನು ಒಳಗೂ ಹೊರಗೂ ಹೊಡೆದು, ಬಟ್ಟೆಯಿಂದ ತಿಕ್ಕಿ ತಿಕ್ಕಿ ಹೊಳೆಯಿಸಿದ್ದಳು. ಹಲ್ಲಕ್ಕ ಬಾಗಿಲಲ್ಲಿ ನಿಂತು ನೋಡಿದ್ದಳು. ನೀಲಿ ಹನಿ ಪಾಚಿಯ ಮೇಲೆ ಇಳಿದದ್ದು ನೋಡಿದ್ದಳು. ಬೇಡ ಎನ್ನಬೇಕಿತ್ತು. ನಾಲಿಗೆ ಏಳಲಿಲ್ಲ. ಆಮೇಲೆ ಹೇಳಿ ಪ್ರಯೋಜನವೂ ಇರಲಿಲ್ಲ, ಕಪ್ಪೆಯೇ ಇರಲಿಲ್ಲವಲ್ಲ.

ಈಗ ಹೇಳಿದರೆ ಸರದಿ ಹೋಗುತ್ತದೆ. ಪಕ್ಕದಲ್ಲೇ ಟೀ ಲೋಟ ಹಿಡಿದು ಕೂತಿರುವ ನಾದಿನಿಗೆ, ಅಣ್ಣನ ಆಸೆ ಕೆಡಿಸಿದವಳು ತಾನೇ ಎಂದು ಗೊತ್ತಾಗುತ್ತದೆ. ಹೇಳದಿದ್ದರೆ ಯಾರಿಗೂ ತಿಳಿಯದು.

"ಒಳಗಡೆ ಗಾಜು ಒರೆಸೋ ನೀರು ಬಿದ್ದಿದೆ," ಎಂದಳು ಹಲ್ಲಕ್ಕ. "ಅವರು ಹೋದ ಮೂರನೇ ದಿನ. ಪಾಚಿಗೂ ಬಿದ್ದಿದೆ."

ಮೇಷ್ಟ್ರು ಕನ್ನಡಕ ತೆಗೆದರು. "ನೀವು ಹೇಳ್ದೇ ಇದ್ದಿದ್ರೆ ನನ್ನ ಮೂಗಿಗೆ ಗೊತ್ತಾಗ್ತಿರಲಿಲ್ಲ."

"ಕಪ್ಪೆಗೆ ಗೊತ್ತಾಗ್ತಿತ್ತಲ್ಲ."

ನಾದಿನಿ ಲೋಟ ಕೆಳಗಿಟ್ಟಳು. "ಅದನ್ನ ಮಾಡಿದ್ದು ನಾನು ಅಲ್ವಾ ಅತ್ತಿಗೆ?"

"ಹೂಂ."

"ನೋಡ್ತಾ ನಿಂತಿದ್ರಲ್ಲ. ಒಂದು ಮಾತು ಬೈಬಾರದಿತ್ತಾ?"

ಇಷ್ಟು ದಿನವಾದ ಮೇಲೆ ಆ ನೀರಿನ ವಿಷ ಹೋಗಿರಲೂಬಹುದು, ಹೋಗದೇ ಇರಲೂಬಹುದು ಎಂದರು ಮೇಷ್ಟ್ರು. ಆದರೆ ಗೊತ್ತಿದ್ದೂ ಕಪ್ಪೆಯನ್ನು ಇದರಲ್ಲಿ ಬಿಡಲಾರೆ. ಎಲ್ಲ ಕಿತ್ತು, ತೊಳೆದು, ಹೊಸ ಮಣ್ಣು ಹಾಕಿ, ಗಿಡ ಬೇರು ಬಿಡುವವರೆಗೆ ಕಾಯಬೇಕು. ಮರಿಗಳು ಅಷ್ಟು ದಿನ ಇರುವುದಿಲ್ಲ, ಮುಂದಿನವರಿಗೆ ಹೋಗುತ್ತವೆ. ಹೆಸರು ಪಟ್ಟಿಯ ಕೊನೆಗೆ ಇಳಿಯುತ್ತದೆ. ಮತ್ತೆ ಎರಡು ವರ್ಷ, ಹೆಚ್ಚೂ ಆಗಬಹುದು.

ಜೇಬಿನಿಂದ ಪುಸ್ತಕ ತೆಗೆದು, ಪೆನ್ನು ಹಿಡಿದು, ಅವರು ತಡೆದರು. "ಯಾರ ಹೆಸರು ಬರ್ಕೊಳ್ಳಲಿ?"

ಹಲ್ಲಕ್ಕ ಪೆಟ್ಟಿಗೆ ನೋಡಿದಳು.

"ಅವರದು ಹೊಡೆದುಹಾಕಿ. ನನ್ನದು ಬರ್ಕೊಳ್ಳಿ."

ಅವತ್ತು ಸಂಜೆಯೇ ಅತ್ತಿಗೆ ನಾದಿನಿ ಇಬ್ಬರೂ ಕೂತು ಪೆಟ್ಟಿಗೆ ಬರಿದು ಮಾಡಿದರು. ಪಾಚಿ ಪದರ ಪದರವಾಗಿ ಎದ್ದು ಬಂತು. ಗಾಜಿನ ಮೂಲೆಯಲ್ಲಿ ಕೂತ ಮಣ್ಣನ್ನು ಹಲ್ಲಕ್ಕ ಮೇಣ ಕೆತ್ತುವ ಸಣ್ಣ ಕಡ್ಡಿಯಿಂದ ಕೆದಕಿದಳು. ನಾದಿನಿ ಸೋಪಿಗೆ ಕೈ ಹಾಕಿದವಳು ಹಾವು ಮುಟ್ಟಿದಂತೆ ಹಿಂದೆಗೆದು, ಯಾತರಲ್ಲಿ ತೊಳೆಯಲಿ ಎಂದು ಕೇಳಿದಳು. ಬರೀ ನೀರು ಎಂದಳು ಹಲ್ಲಕ್ಕ. ಹತ್ತು ಸಲ.

ಆರು ಗಂಟೆಗೆ ಹಲ್ಲಕ್ಕ ಅಭ್ಯಾಸಬಲದಿಂದ ಬಾಟಲಿ ಎತ್ತಿಕೊಂಡು ಬಂದಳು. ಬರಿ ಗಾಜು ನೋಡಿ, ಹೊರಗೆ ಕಿತ್ತಿಟ್ಟಿದ್ದ ಅಗಲ ಎಲೆಯ ಗಿಡಕ್ಕೆ ಹೊಡೆದಳು. ನಾದಿನಿ ಬಾಯಲ್ಲೇ ಎಣಿಸಿದಳು. ಇಪ್ಪತ್ತಾಯಿತು.

"ಹಾಗಾದ್ರೆ ಇನ್ನೂ ಎರಡು ವರ್ಷ ಸೊಳ್ಳೆಬತ್ತಿ ಇಲ್ವಾ ಅತ್ತಿಗೆ?"

"ಇಲ್ಲ."

ನಾದಿನಿ ಮೊಣಕಾಲು ಕೆರೆದುಕೊಂಡು, ಒದ್ದೆ ನೆಲದಲ್ಲೇ ಕಾಲು ಚಾಚಿ ಕೂತಳು.