ಕಾಕು ಹಾಕದ ಟಿಕ್ಕು

ಕಾಕು ಓದುವಾಗ ಎಡಗಣ್ಣು ಮುಚ್ಚುತ್ತಿದ್ದರು. ಮೂವತ್ತು ವರ್ಷ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಂತ್ರದ ಬಿಡಿಭಾಗಗಳಲ್ಲಿ ಬಿರುಕು ಹುಡುಕಿದ ಅಭ್ಯಾಸ ಅದು. ಮದುವೆಯ ಕರೆಯೋಲೆಯನ್ನೂ ಹಾಗೆಯೇ, ಕೊನೆಯ ಸಾಲಿನ ಮುದ್ರಣಾಲಯದ ಹೆಸರಿನವರೆಗೆ ಓದಬೇಕು. ಅಲ್ಲಿಯವರೆಗೆ ಕೊಟ್ಟವರು ಪರೀಕ್ಷೆ ಬರೆದವರ ಹಾಗೆ ಕೈಕಟ್ಟಿ ನಿಂತಿರುತ್ತಿದ್ದರು.

ಗದಗಿನ ಕಡೆಯವರು, ಮದುವೆಯಾಗಿರಲಿಲ್ಲ. ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯ ತಪಾಸಣೆ ವಿಭಾಗದಿಂದ ನಿವೃತ್ತರಾಗಿ ಸಿಕಂದರಾಬಾದಿನ ಹತ್ತಿರದ ನಾಚಾರಂನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದರು. ರಕ್ತಸಂಬಂಧವೇನಿಲ್ಲ, ಆದರೂ ನನಗೆ ಕಾಕು, ಅಂದರೆ ಚಿಕ್ಕಮ್ಮ. ಅವರ ಟಿಕ್ ಬೀಳದೆ ಒಂದು ಮೊಳೆಯೂ ಕಾರ್ಖಾನೆಯ ಗೇಟು ದಾಟುತ್ತಿರಲಿಲ್ಲವಂತೆ. ತಿಂಗಳ ಕೊನೆ, ಸರಕು ಹೋಗಲೇಬೇಕು ಎಂದು ದೊಡ್ಡ ಸಾಹೇಬರು ಒತ್ತಾಯಿಸಿದಾಗ ಪೆನ್ನನ್ನೇ ಅವರ ಮುಂದಿಟ್ಟು, "ನೀವ ಹಾಕ್ರಿ ಸಾಹೇಬ್ರ. ಬಾಜೂಕ ನಿಮ್ಮ ಹೆಸರೂ ಬರೀರಿ," ಅಂದರಂತೆ. ಸಾಹೇಬರು ಹಾಕಲಿಲ್ಲ.

ಊರಿಗೆ ಊರೇ ಸಾಫ್ಟ್‌ವೇರ್ ಎಂದು ಓಡುತ್ತಿದ್ದ ವರ್ಷಗಳು ಅವು. ನಾನು ಆನ್‌ಲೈನ್ ಅಂಗಡಿಯೊಂದರ ಪುಟಗಳನ್ನು ಕಟ್ಟುವ ಕೆಲಸದಲ್ಲಿದ್ದೆ. ಕೊರಳಿಗೆ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡೇ ತರಕಾರಿ ತರಲೂ ಹೋಗುತ್ತಿದ್ದೆ, ಅಷ್ಟು ಜಂಬ. ಕಾಕುಗೆ ರಕ್ತದೊತ್ತಡ ನೋಡುವ ಯಂತ್ರ ಬೇಕಾದಾಗ ನಮ್ಮಲ್ಲೇ ಕೊಳ್ಳಿ ಎಂದು ಹೇಳಿಕೊಟ್ಟವಳೂ ನಾನೇ.

ಯಂತ್ರ ಬಂತು. ಮರುತಿಂಗಳಿಂದ ಅವರ ಕಾರ್ಡಿನಿಂದ ಯಾವುದೋ ವಿಶೇಷ ಸದಸ್ಯತ್ವದ ಹಣ ಹೋಗತೊಡಗಿತು. ಫೋನು ಮಾಡಿದರೆ ಆ ಕಡೆಯಿಂದ ತೆಲುಗಿನಲ್ಲಿ ಒಂದೇ ಮಾತು: "ಟಿಕ್ ಮೀರೇ ಪೆಟ್ಟಾರು ಮೇಡಂ." ಹಾಕಿದ್ದು ನೀವೇ. ಹಣ ಹೋದದ್ದಕ್ಕಿಂತ ಈ ಮಾತಿಗೆ ಕಾಕು ಉರಿದುಹೋದರು. ದಡದಡನೆ ಮೆಟ್ಟಿಲಿಳಿದು ಬಂದು ನನ್ನ ಲ್ಯಾಪ್‌ಟಾಪ್ ಮುಂದೆ ಕೂತರು.

"ನೋಡದ ಟಿಕ್ ಹಾಕಿದೆನಂತ! ನಾ! ತಗಿ, ನೋಡೂಣು."

ತೆಗೆದೆ. ಹಣ ಕಟ್ಟುವ ಗುಂಡಿಯ ಕೆಳಗೆ, ಬೇರೊಂದು ಕಡೆ ಒತ್ತಿದರೆ ಮಾತ್ರ ತೆರೆದುಕೊಳ್ಳುವ ಜಾಗದಲ್ಲಿ, ಸದಸ್ಯತ್ವಕ್ಕೆ ಒಪ್ಪಿಗೆ ಎಂಬ ತೆಳು ಬೂದು ಅಕ್ಷರಗಳ ಪಕ್ಕ ಒಂದು ಚೌಕ. ಅದರಲ್ಲಿ ಮೊದಲೇ ಟಿಕ್ ಬಿದ್ದಿತ್ತು.

"ಇದನ್ನ ಯಾರ್ ಹಾಕ್ಯಾರ?"

ನಾನೇ ಹಾಕಿದ್ದೆ. ಮ್ಯಾನೇಜರ್ ಹೇಳಿದ್ದರು, ಹಾಕಿದ್ದೆ. ಐದು ನಿಮಿಷದ ಕೆಲಸ. ಆದರೂ "ಕಂಪನಿಯವರು," ಅಂದೆ.

ಕಾಕು ಗ್ರಾಹಕರ ನ್ಯಾಯಾಲಯಕ್ಕೆ ಹೋದರು. ಹಣ ವಾಪಸು ಕೊಡುತ್ತೇವೆ, ದೂರು ಹಿಂತೆಗೆದುಕೊಳ್ಳಿ ಎಂದು ಕಂಪನಿ ಹೇಳಿ ಕಳಿಸಿತು. "ರೊಕ್ಕ ಇಟಗೋರಿ. ಆ ಟಿಕ್ ನಾ ಹಾಕಿಲ್ಲ ಅಂತ ಬರದು ಕೊಡ್ರಿ, ಸಾಕು," ಅಂದರು ಇವರು. ಕಂಪನಿ ಬರೆದುಕೊಟ್ಟದ್ದು ಬೇರೆಯೇ. ಅಷ್ಟರಲ್ಲಿ ಪುಟವನ್ನು ಸದ್ದಿಲ್ಲದೆ ಬದಲಿಸಿ, ಚೌಕ ಮೊದಲಿಂದಲೂ ಖಾಲಿಯೇ ಇತ್ತು, ಗ್ರಾಹಕರೇ ಟಿಕ್ ಹಾಕಿ ಈಗ ಮರೆತಿದ್ದಾರೆ ಎಂದು ಉತ್ತರ ಸಲ್ಲಿಸಿತು. ಕಾಕು ಅದನ್ನು ನಮ್ಮ ಮನೆಯಲ್ಲಿ ಕೂತು ಎರಡು ಸಲ ಓದಿದರು.

"ನನ್ನ ಸುಳ್ಳಬುರಕಿ ಮಾಡ್ಯಾರ," ಅಂದರು. ನನಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ.

"ಅಂದ್ರ ನನ್ನ ಹೆಸರ್ಲೆ ನೀ ಹಾಕಿದಿ. ಹಿಂಗ ಎಷ್ಟ ಮಂದಿ ಹೆಸರ್ಲೆ ಹಾಕೀದಿ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಎದ್ದು ಹೋದವರು ಎಂಟು ದಿನ ನನ್ನ ಕಡೆ ತಿರುಗಿ ನೋಡಲಿಲ್ಲ. ಬಂದು ಸಾಕ್ಷಿ ಹೇಳು ಎಂದೂ ಕೇಳಲಿಲ್ಲ. ಕೇಳಿದ್ದರೆ ಸುಲಭವಾಗುತ್ತಿತ್ತು, ಕಾಕು ಬಲವಂತ ಮಾಡಿದರು ಎಂದು ಆಫೀಸಿನಲ್ಲಿ ಹೇಳಿಕೊಳ್ಳಬಹುದಿತ್ತು.

ವಿಚಾರಣೆಯ ದಿನ ನಾನಾಗಿಯೇ ಹೋದೆ. ಮ್ಯಾನೇಜರ್ ಕಳಿಸಿದ್ದ ಮೇಲ್ ಮುದ್ರಿಸಿ ಒಯ್ದಿದ್ದೆ. ಕಂಪನಿಯ ವಕೀಲರು ನನ್ನ ನೌಕರಿಯ ಒಪ್ಪಂದವನ್ನು ನೆನಪಿಸಿದರು. "ನೆನಪಿದೆ ಸರ್, ಟಿಕ್ ಹಾಕಿದ್ದೂ ನೆನಪಿದೆ. ಹಾಕಿದ್ದು ನಾನು, ಅವರಲ್ಲ," ಅಂದೆ. ಕಾಕು ಗೆದ್ದರು. ಅದೇ ವಾರ ನನ್ನ ಕೆಲಸ ಹೋಯಿತು, ಅಮ್ಮ ಅತ್ತಳು. ಸಂಜೆ ಕಾಕು ಕೆಳಗೆ ಬಂದು, ಏನೂ ಆಗದವರಂತೆ ಚಹಾ ಕೇಳಿದರು.

"ತೆಲಿ ಯಾಕ ತೆಗ್ಗಿಸ್ತಿ? ನೌಕರಿ ಯಾಕ ಹೋತು ಅಂತ ಯಾರರ ಕೇಳಿದ್ರ ಖರೇನ ಹೇಳು. ಅಂಜಬ್ಯಾಡ."

ಹೇಳಿದೆ. ಸಂದರ್ಶನಕ್ಕೆ ಹೋದ ಎರಡು ಕಡೆ ಅದಕ್ಕೇ ಬೇಡ ಎಂದರು. ಎನ್ನಲಿ! ಅಂಥವರ ಪುಟ ಕಟ್ಟುವುದು ನನಗೂ ಬೇಡವಾಗಿತ್ತು. ಮೂರನೆಯ ಕಡೆ ಕೆಲಸ ಸಿಕ್ಕಿತು, ಇವತ್ತಿಗೂ ಅಲ್ಲೇ ಇದ್ದೇನೆ.

ಕೆಲವು ವರ್ಷಗಳ ನಂತರ ಕಾಕು ಸಿಕಂದರಾಬಾದಿನ ಆಸ್ಪತ್ರೆ ಸೇರಿದರು. ಶ್ವಾಸಕೋಶ ಸೋತಿತ್ತು, ಪೆನ್ನು ಹಿಡಿಯಲು ಬೆರಳುಗಳಲ್ಲಿ ಶಕ್ತಿಯಿರಲಿಲ್ಲ. ಒಪ್ಪಿಗೆಯ ಕಾಗದ ತಂದ ಸಿಬ್ಬಂದಿ, "ಅನ್ನೀ ಟಿಕ್ ಪೆಟ್ಟೇಯಂಡಿ," ಎಲ್ಲಕ್ಕೂ ಹಾಕಿಬಿಡಿ, ಎಂದು ಅವಸರ ಮಾಡಿದರು.

"ನಿಲ್ರಿ," ಅಂದರು ಕಾಕು, ಅಷ್ಟು ಉಸಿರು ಸಿಕ್ಕಿದ್ದೇ ಹೆಚ್ಚು. "ಅಕಿ ಓದ್ಲಿ. ನನ್ನ ಹೆಸರ್ಲೆ ಅಕಿನ ಹಾಕ್ತಾಳ."

ಒಂದೊಂದೇ ಸಾಲು ಗಟ್ಟಿಯಾಗಿ ಓದಿದೆ. ಅವರು ಹೂಂ ಅಂದ ಮೇಲೆ ಟಿಕ್ ಹಾಕಿದೆ. ಉಸಿರು ನಿಲ್ಲುವಂತಾದರೆ ಕೃತಕ ಉಸಿರಾಟದ ಯಂತ್ರ ಹಾಕಲು ಒಪ್ಪಿಗೆ ಎಂಬ ಸಾಲಿಗೆ ಬೇಡವೆಂದು ತಲೆಯಾಡಿಸಿದರು. ಮತ್ತೊಮ್ಮೆ ಓದಿದೆ. ಮತ್ತೆ ಬೇಡ. ಆಮೇಲೆ ದಣಿದು ಕಣ್ಣು ಮುಚ್ಚಿದರು. ನನಗೆ ಅವರು ಇನ್ನೂ ಬೇಕಾಗಿದ್ದರು. ಪೆನ್ನು ಚೌಕದ ಮೇಲೆಯೇ ಇತ್ತು, ಅವರು ನೋಡುತ್ತಿರಲಿಲ್ಲ.

ಆ ಚೌಕವನ್ನು ಖಾಲಿ ಬಿಟ್ಟೆ.